ಏಳು ಅಂಕದ ಅಂತರ

ಸೋತವರ ಕೈಗೂ ಒಂದು ಅಂಕ ಇಟ್ಟು ಕಳಿಸುವ ಆಟಗಳು ಹೆಚ್ಚಿಲ್ಲ. ರಗ್ಬಿಯಲ್ಲಿ ಅಂಥದೊಂದು ರೂಢಿ ಇದೆ. ನಮ್ಮಲ್ಲಿ ಪ್ರೊ ಕಬಡ್ಡಿ ಲೀಗ್ ವರ್ಷಗಟ್ಟಲೆ ಅದನ್ನು ಪಾಲಿಸಿತು. ಗೆದ್ದ ತಂಡಕ್ಕೆ ಪಟ್ಟಿಯಲ್ಲಿ 5 ಅಂಕ, ಸಮವಾದರೆ ತಲಾ 3, ಸೋತರೂ ಅಂತರ ಏಳರೊಳಗೆ ಇದ್ದರೆ 1. ಟಿ.ವಿ. ಮುಂದೆ ಕೂತು ಬರೀ ಗೆಲುವು-ಸೋಲು ನೋಡುವವರಿಗೆ ಇದು ಕಣ್ಣಿಗೇ ಬೀಳದ ಸಂಗತಿ. ಆದರೆ ತಂಡಗಳ ಹಿಂದಿನ ಲೆಕ್ಕ ಬರೆದಿಟ್ಟುಕೊಂಡು, ಇವತ್ತಿನ ಪಂದ್ಯದಲ್ಲಿ ಯಾರಿಗೆ ನೂರಕ್ಕೆ ಎಷ್ಟು ಎಂದು ತೂಗಿ ನೋಡುವ ಮಂದಿಗೆ ಕೊನೆಯ ಮೂರು ನಿಮಿಷದ ರುಚಿಯೆಲ್ಲ ಈ ಒಂದು ಅಂಕದಲ್ಲೇ ಇರುತ್ತಿತ್ತು.

ಅಂಥ ಮಂದಿ ನರೇಗಲ್ಲಿನಲ್ಲೂ ಇದ್ದಾರೆ. ಗದಗ ಜಿಲ್ಲೆಯ ಈ ಊರಿನಿಂದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ನಾನೂರು ಕಿಲೋಮೀಟರಿಗೂ ದೂರ. ಮ್ಯಾಟಿನ ಮೇಲಿನ ಆಟವನ್ನು ಕಣ್ಣಾರೆ ಕಂಡವರು ಕಡಿಮೆ. ಆದರೂ ತಂಡಗಳ ಜಾತಕ ಬಾಯಿಪಾಠ. 2017, 2019, 2025ರಂಥ ವರ್ಷಗಳಲ್ಲಿ ಲೀಗು ಮುಂಗಾರಿ ಹೆಸರು ಹೊಲದಲ್ಲಿರುವಾಗ ಶುರುವಾಗಿ, ಹಿಂಗಾರಿ ಕಡಲೆ ಬಿತ್ತನೆಯ ಹೊತ್ತಿಗೆ ಮುಗಿಯಿತು. ಮುಗಿಲು ನೋಡಿಕೊಂಡು ಯರಿ ಹೊಲಕ್ಕೆ ಬೀಜ ಹಾಕುವ ಸೀಮೆ ಇದು. ಹೋದ ವರ್ಷ ಯಾವ ಮಳೆ ಕೈಕೊಟ್ಟಿತು, ಯಾವುದು ಹಿಡಿಯಿತು, ಈ ಸಲ ಎಷ್ಟು ನಂಬಬಹುದು ಎಂಬ ಲೆಕ್ಕವನ್ನು ಇಲ್ಲಿ ಯಾರೂ ಶಾಲೆಯಲ್ಲಿ ಕಲಿಯುವುದಿಲ್ಲ. ಅದೇ ಲೆಕ್ಕ ರಾತ್ರಿ ಊಟದ ಹೊತ್ತಿಗೆ ಕಬಡ್ಡಿಗೆ ತಿರುಗುತ್ತದೆ.

"ಏನೋ ತಮ್ಮಾ, ಇವತ್ತ ಬೆಂಗಳೂರು ಬುಲ್ಸ್‌ಗೆ ನೂರಕ್ಕ ಎಷ್ಟ ಕೊಡ್ತಿ?"

"ನಲವತ್ತ ಕೊಡ್ತೀನಿ ಕಾಕಾ."

"ನಲವತ್ತಾ? ಭಾಳ ಆತು. ಎಡಗಡೆ ಮೂಲ್ಯಾಗ ನಿಲ್ಲಾವ್ರು ಯಾರು ಅಂತ ಮೊದಲ ಹೇಳು."

ಚಹಾದಂಗಡಿಯ ಮುಂದೆ ಕೇಳಿಬರುವ ಈ ಬಗೆಯ ಮಾತಿನಲ್ಲಿ ಹಣದ ಸುದ್ದಿ ಇರುವುದಿಲ್ಲ. ನಲವತ್ತು ಎಂದವನು ಯಾಕೆ ನಲವತ್ತು ಎಂಬುದಕ್ಕೆ ಉತ್ತರ ಕೊಡಬೇಕು, ಅಷ್ಟೆ. ಉತ್ತರ ಕೊಡಬೇಕೆಂದರೆ ತಂಡದ ಚರಿತ್ರೆ ಗೊತ್ತಿರಬೇಕು. ಈ ಹವ್ಯಾಸದ ಜೀವ ಇರುವುದು ಅಲ್ಲಿ. ಗೆಲುವಿನ ದರ ಎಂಬ ಒಂದು ಅಂಕಿಯ ಹಿಂದೆ ಒಂದು ತಂಡದ ಹತ್ತು ವರ್ಷ ಮಡಚಿ ಕೂತಿರುತ್ತದೆ. ಅದನ್ನು ಒಂದೊಂದೇ ಮಡಿಕೆ ಬಿಡಿಸಿ ನೋಡುವ ಸುಖವೇ ಬೇರೆ.

ಇದಕ್ಕೆ ಬೇಕಾಗುವ ಸಾಮಾನು ಒಂದು ಉದ್ದನೆಯ ರಿಜಿಸ್ಟರು, ಒಂದು ಪೆನ್ಸಿಲ್ಲು. ಪ್ರತಿ ಪಂದ್ಯಕ್ಕೆ ಒಂದು ಸಾಲು. ಮೊದಲು ಎರಡು ತಂಡದ ಹೆಸರು, ಆಮೇಲೆ ಊರು, ನಿನ್ನೆ ಆಡಿದ್ದಾರೋ ಒಂದು ದಿನದ ವಿಶ್ರಾಂತಿ ಸಿಕ್ಕಿದೆಯೋ ಎಂಬ ಗುರುತು. ನಂತರ ಆಟಕ್ಕೆ ಮುಂಚೆ ಕೊಟ್ಟ ದರ. ಅರ್ಧ ವಿರಾಮಕ್ಕೆ ಅಂಕ ಎಷ್ಟು ಎಂದು ಬರೆದು, ಅದರ ಪಕ್ಕದಲ್ಲೇ ತಿದ್ದಿದ ದರ. ಕೊನೆಗೆ ಅಂತರ. ಆಲ್‌ಔಟ್ ಎಷ್ಟು ಸಲ ಆಯಿತು ಎಂಬುದಕ್ಕೆ ಅಂಚಿನಲ್ಲಿ ಗೀಟು. ಅರ್ಧ ವಿರಾಮದ ದರವನ್ನು ಆಟ ಮುಗಿದ ಮೇಲೆ ಬರೆಯಬಾರದು ಎಂಬುದೊಂದೇ ಕಟ್ಟುನಿಟ್ಟು. ಫಲಿತಾಂಶ ಗೊತ್ತಾದ ಮೇಲೆ ಎಲ್ಲರೂ ಜಾಣರೇ.

ಕಬಡ್ಡಿಯಲ್ಲಿ ಈ ತಿದ್ದುವ ಕೆಲಸ ಬಲು ಸೊಗಸು. ಒಂದು ದಾಳಿ ಮೂವತ್ತು ಸೆಕೆಂಡು. ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ. ಇದಕ್ಕೆ ಸೂಪರ್ ಟ್ಯಾಕಲ್ ಎನ್ನುತ್ತಾರೆ. ಏಳೂ ಮಂದಿ ಖಾಲಿಯಾದರೆ ಆಲ್‌ಔಟ್, ಎದುರಾಳಿಗೆ ಹೆಚ್ಚಿನ ಎರಡು. ಎರಡು ದಾಳಿ ಬರಿಗೈಯಲ್ಲಿ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ. ಹೀಗಾಗಿ ಏಳು ಅಂಕದ ಮುನ್ನಡೆ ಎಂದರೆ ಬೆಟ್ಟದಷ್ಟೂ ಅಲ್ಲ, ಕಡಲೆಕಾಳಿನಷ್ಟೂ ಅಲ್ಲ. ಒಂದು ಆಲ್‌ಔಟಿನಲ್ಲಿ ಅದು ಕೊಚ್ಚಿಹೋಗುತ್ತದೆ. ಆ ಆಲ್‌ಔಟ್ ಬರುವುದೋ ಇಲ್ಲವೋ ಎಂದು ಹೇಳಲು ಮ್ಯಾಟಿನ ಮೇಲೆ ಎಷ್ಟು ಜನ ಉಳಿದಿದ್ದಾರೆ, ಹೊರಗೆ ಕೂತವರಲ್ಲಿ ಮೊದಲು ಯಾರು ಎದ್ದು ಬರುತ್ತಾರೆ ಎಂಬುದನ್ನು ನೋಡುತ್ತಿರಬೇಕು. ಅಂಕಫಲಕ ಇದನ್ನು ಹೇಳುವುದಿಲ್ಲ.

ನರೇಗಲ್ಲಿನ ಬಸದಿಯನ್ನು ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ್ದು 950ರಲ್ಲಿ. ಸಾವಿರ ವರ್ಷ ದಾಟಿದ ಕಲ್ಲುಕಟ್ಟಡ ಇರುವ ಊರಿನಲ್ಲಿ 2014ರಲ್ಲಿ ಹುಟ್ಟಿದ ಲೀಗಿಗೆ ಚರಿತ್ರೆ ಎಂಬ ಮಾತು ದೊಡ್ಡದಾಯಿತು ಎನ್ನಬಹುದು. ಆದರೆ ಹತ್ತು-ಹನ್ನೆರಡು ವರ್ಷದಲ್ಲಿ ಈ ತಂಡಗಳು ಏರಿದ್ದು, ಬಿದ್ದದ್ದು, ಒಬ್ಬರನ್ನೊಬ್ಬರು ಬಿಟ್ಟದ್ದು, ಮತ್ತೆ ಕೂಡಿಕೊಂಡದ್ದು ಒಂದು ರಾಜಮನೆತನದ ಕಥೆಗೆ ಸಾಲುವಷ್ಟಿದೆ.

ಆ ಕಥೆಯಲ್ಲಿ ಕನ್ನಡಿಗರಿಗೆ ಹತ್ತಿರದ ಅಧ್ಯಾಯ ಬೆಂಗಳೂರು ಬುಲ್ಸ್. ಎಂಟು ತಂಡಗಳ ಮೊದಲ ಋತುವಿನಲ್ಲಿ ಸೆಮಿಫೈನಲ್. 2015ರಲ್ಲಿ ಮಂಜೀತ್ ಛಿಲ್ಲರ್ ನಾಯಕತ್ವದಲ್ಲಿ ಫೈನಲ್, ಅಲ್ಲಿ ಅನೂಪ್ ಕುಮಾರರ ಯು ಮುಂಬಾ ಎದುರು 30-36ರ ಸೋಲು. ಅಂತರ ಆರು. ಲೀಗ್ ಪಂದ್ಯವಾಗಿದ್ದರೆ ಪಟ್ಟಿಯಲ್ಲಿ ಒಂದು ಅಂಕ ಸಿಗುತ್ತಿತ್ತು. ಫೈನಲ್ಲಿನಲ್ಲಿ ಆ ಸಮಾಧಾನವೂ ಇಲ್ಲ. 2017ರಲ್ಲಿ ಲೀಗು ಹನ್ನೆರಡು ತಂಡಕ್ಕೆ ಬೆಳೆದಾಗ ಎ ವಲಯ, ಬಿ ವಲಯ ಎಂದು ಆರಾರು ತಂಡಗಳ ಎರಡು ಪಾಲು ಮಾಡಿದರು. ಬುಲ್ಸ್ ಬಿದ್ದದ್ದು ಬಿ ವಲಯಕ್ಕೆ. ಜೊತೆಗೆ ಪಟ್ನಾ ಪೈರೇಟ್ಸ್, ಬೆಂಗಾಲ್ ವಾರಿಯರ್ಸ್, ಯು.ಪಿ. ಯೋಧಾ, ತೆಲುಗು ಟೈಟನ್ಸ್, ತಮಿಳ್ ತಲೈವಾಸ್. ಪ್ರತಿ ವಲಯದಿಂದ ಮೂವರು ಮಾತ್ರ ಮುಂದಕ್ಕೆ. ಆ ವರ್ಷ ಬುಲ್ಸ್ ತಮ್ಮ ತವರಿನ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ಕರೆದದ್ದು ಬೆಂಗಳೂರು ಎಂದು, ನೆಲ ಮಹಾರಾಷ್ಟ್ರದ್ದು. ತವರಿನ ಬಲ ಎಂದು ದರದಲ್ಲಿ ನಾಲ್ಕು ಅಂಕಿ ಹೆಚ್ಚು ಕೊಡುವವರು ಆ ಸಲ ಏನು ಮಾಡಬೇಕಿತ್ತು? ಬುಲ್ಸ್ ಮೊದಲ ಮೂರರಲ್ಲಿ ಬರಲಿಲ್ಲ.

ಮರುವರ್ಷದ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಅದೇ ಬಿ ವಲಯ, ಅದೇ ಆರು ತಂಡ. ಸತತ ಮೂರು ಪ್ರಶಸ್ತಿ ಗೆದ್ದಿದ್ದ ಪಟ್ನಾ ಎದುರಿಗಿತ್ತು. 2017ರಲ್ಲಿ ಪರ್‌ದೀಪ್ ನರ್ವಾಲ್ ಒಬ್ಬನೇ ಪಟ್ನಾಕ್ಕೆ 369 ರೇಡ್ ಅಂಕ ತಂದಿದ್ದ, ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 34. ಋತು ಶುರುವಾಗುವ ಮುನ್ನ ಈ ವಲಯದಲ್ಲಿ ಯಾರು ಮೊದಲು ಎಂದು ಕೇಳಿದ್ದರೆ ಪಟ್ನಾ ಎನ್ನದವರು ವಿರಳ. ಬುಲ್ಸ್ ಹರಾಜಿನಲ್ಲಿ 52.8 ಲಕ್ಷಕ್ಕೆ ಒಬ್ಬ ಹುಡುಗನನ್ನು ವಾಪಸು ತಂದರು. ಹೆಸರು ಪವನ್ ಸೆಹ್ರಾವತ್. 2016ರಲ್ಲಿ ಬುಲ್ಸ್‌ನಲ್ಲೇ ಆಡಿದ್ದವನು, 2017ರಲ್ಲಿ ಗುಜರಾತಿಗೆ ಹೋಗಿ ಹೆಚ್ಚು ಅವಕಾಶ ಸಿಗದೆ ಉಳಿದವನು. ಅದೇ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ಮೋನು ಗೋಯತ್‌ಗೆ, ಹರಿಯಾಣ ಸ್ಟೀಲರ್ಸ್ ಕೊಟ್ಟ 1.51 ಕೋಟಿ. ಋತು ಮುಗಿದಾಗ ಹರಿಯಾಣ ಎ ವಲಯದ ತಳದಲ್ಲಿತ್ತು. ಬುಲ್ಸ್ 78 ಅಂಕದೊಂದಿಗೆ ಬಿ ವಲಯದ ತಲೆಯ ಮೇಲೆ. ಪಟ್ನಾ ನಾಲ್ಕನೆಯ ಸ್ಥಾನದಲ್ಲಿ, ಮುಂದಿನ ಸುತ್ತಿಗೂ ಇಲ್ಲ.

2019ರ ಜನವರಿ 5, ಮುಂಬೈ, ಫೈನಲ್. ಎದುರಿಗೆ ಗುಜರಾತ್ ಫಾರ್ಚೂನ್ ಜೈಂಟ್ಸ್, ಪವನ್ ಬಿಟ್ಟು ಬಂದ ಅದೇ ತಂಡ. ಪಟ್ಟಿಯಲ್ಲಿ ಅವರದು 93 ಅಂಕ. ಬರೀ ಪಟ್ಟಿ ನೋಡಿದವರು ಗುಜರಾತಿಗೆ ನೂರಕ್ಕೆ ಅರವತ್ತು ಕೊಡಬೇಕು. ಆದರೆ ಐದೇ ದಿನದ ಹಿಂದೆ ಕೊಚ್ಚಿಯಲ್ಲಿ ಕ್ವಾಲಿಫೈಯರ್ ಪಂದ್ಯದಲ್ಲಿ ಬುಲ್ಸ್ ಅವರನ್ನು 41-29ರಿಂದ ಬಡಿದಿತ್ತು. ಹಳೆಯ ಲೆಕ್ಕ ಒಂದು ಕಡೆ ಜಗ್ಗುತ್ತದೆ, ಹೊಸದು ಇನ್ನೊಂದು ಕಡೆ. ಯಾವುದಕ್ಕೆ ಎಷ್ಟು ತೂಕ? ಈ ಹವ್ಯಾಸದವರು ರಾತ್ರಿಯೆಲ್ಲ ವಾದಿಸುವುದು ಇದರ ಮೇಲೆಯೇ. ಒಂದು ಪಂದ್ಯದ ಗೆಲುವನ್ನು ಇಪ್ಪತ್ತೆರಡು ಪಂದ್ಯದ ಪಟ್ಟಿಗಿಂತ ದೊಡ್ಡದು ಮಾಡಬಾರದು ಎಂಬುದು ಒಂದು ಪಕ್ಷ. ಪಟ್ಟಿಯಲ್ಲಿ ಎಲ್ಲರ ಮೇಲಿನ ಗೆಲುವೂ ಕಲಸಿರುತ್ತದೆ, ಎದುರಾಳಿಯ ಮೇಲಿನದನ್ನೇ ನೋಡಬೇಕು ಎಂಬುದು ಇನ್ನೊಂದು. ಮೊದಲನೆಯ ಪಕ್ಷವೇ ಹೆಚ್ಚು ಸಲ ಸರಿ. ಆ ರಾತ್ರಿ ಮಾತ್ರ ಎರಡನೆಯದು ಗೆದ್ದಿತು.

ಅದೂ ಸುಲಭಕ್ಕಲ್ಲ. ಅರ್ಧ ವಿರಾಮಕ್ಕೆ ಗುಜರಾತ್ 16, ಬುಲ್ಸ್ 9. ಸರಿಯಾಗಿ ಏಳು ಅಂಕದ ಅಂತರ. ಪೆನ್ಸಿಲ್ ಹಿಡಿದವರು ಬುಲ್ಸ್‌ನ ದರವನ್ನು ಇಪ್ಪತ್ತೈದಕ್ಕೆ ಇಳಿಸಬೇಕಾದ ಹೊತ್ತು. ಆಮೇಲಿನ ಇಪ್ಪತ್ತು ನಿಮಿಷದಲ್ಲಿ ಬುಲ್ಸ್ 29 ಅಂಕ ಗಳಿಸಿತು, ಗುಜರಾತ್ 17. ಕೊನೆಗೆ 38-33. ಪವನ್ ಒಬ್ಬನದೇ 22 ರೇಡ್ ಅಂಕ. ಅವನ ದಾಳಿಯನ್ನು ನಿಧಾನಗತಿಯಲ್ಲಿ ನೋಡಬೇಕು: ಎದುರಿನ ಸರಪಳಿ ಮುಂದೆ ಬರುವ ಕ್ಷಣದಲ್ಲೇ ನೆಲ ಬಿಟ್ಟು ಮೇಲೆ ಹಾರಿ, ಹಿಡಿಯಬಂದವರ ತಲೆಯ ಮೇಲಿನಿಂದ ದಾಟಿ ನಡುಗೆರೆಯ ಈಚೆ ಬೀಳುವುದು. ಹೈ ಫ್ಲೈಯರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 2018ರಲ್ಲಿ 52.8 ಲಕ್ಷ ಎಂದು ಬರೆದಿದ್ದ ಸಾಲನ್ನು ತೆರೆದು, ಆ ಬೆಲೆಯ ಪಕ್ಕ ಈ 22 ಬರೆಯುವ ಹಿಗ್ಗು ಬಾಜಿ ಕಟ್ಟಿದವನಿಗೂ ಸಿಕ್ಕಿರಲಾರದು.

ಈಗ ದರದ ಒಳಗುಟ್ಟು. ನಮ್ಮ ಕಡೆ ನೂರಕ್ಕೆ ಇಷ್ಟು ಎನ್ನುವುದನ್ನು ಹೊರದೇಶದ ಬಾಜಿಕಟ್ಟೆಗಳು ಬೇರೆ ಬೇರೆ ರೀತಿ ಬರೆಯುತ್ತವೆ. ಯುರೋಪಿನವರು ಹಾಕಿದ ಒಂದು ರೂಪಾಯಿಗೆ ಒಟ್ಟು ಎಷ್ಟು ವಾಪಸು ಎಂದು ಬರೆದರೆ, ಬ್ರಿಟನ್ನಿನವರು ಹಾಕಿದ್ದಕ್ಕೆ ಲಾಭ ಎಷ್ಟು ಎಂದು ಭಿನ್ನರಾಶಿಯಲ್ಲಿ ಬರೆಯುತ್ತಾರೆ. ಅಮೆರಿಕದವರು ನೂರರ ಸುತ್ತ ಕೂಡಿಸುವ-ಕಳೆಯುವ ಗುರುತು ಹಾಕುತ್ತಾರೆ. ಮೊದಲನೆಯದು ಬಿಡಿಸಲು ಸುಲಭ. ಒಂದು ತಂಡಕ್ಕೆ 1.70, ಇನ್ನೊಂದಕ್ಕೆ 2.05 ಎಂದು ಇದ್ದರೆ, ನೂರನ್ನು ಆ ಅಂಕಿಗಳಿಂದ ಭಾಗಿಸಿ. ಮೊದಲನೆಯದು 58.8, ಎರಡನೆಯದು 48.8. ಕೂಡಿಸಿ ನೋಡಿ: 107.6. ಒಂದು ಪಂದ್ಯದಲ್ಲಿ ಗೆಲುವಿನ ಸಾಧ್ಯತೆ ನೂರಕ್ಕಿಂತ ಹೆಚ್ಚಾಗುವುದು ಹೇಗೆ? ಆ ಹೆಚ್ಚಿನ 7.6 ಅಂಗಡಿಯವನ ಪಾಲು. ಎರಡೂ ಕಡೆ ಹಣ ದರಕ್ಕೆ ತಕ್ಕಂತೆ ಬಿದ್ದಿದ್ದರೆ, ಯಾರೇ ಗೆಲ್ಲಲಿ, ಹಣ ಹಾಕಿದ ಮಂದಿ ಒಟ್ಟಾರೆ ಆ ಪಾಲನ್ನು ಕೊಟ್ಟೇ ಮನೆಗೆ ಹೋಗುತ್ತಾರೆ. ಅದನ್ನು ತೆಗೆದುಹಾಕಿ ಮತ್ತೆ ನೂರಕ್ಕೆ ಇಳಿಸಿದರೆ ನಿಜವಾದ ಅಂದಾಜು ಸಿಗುತ್ತದೆ, ಸುಮಾರು 54.7 ಮತ್ತು 45.3. ಏಳನೆಯ ತರಗತಿಯ ಗಣಿತ ಇಷ್ಟು ಬೇಗ ಇಷ್ಟು ದೊಡ್ಡ ಸತ್ಯ ತೋರಿಸುವ ಜಾಗ ಬೇರೆ ಸಿಗುವುದು ಕಷ್ಟ.

ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಇದು ಇನ್ನೂ ಹರಡಿಕೊಂಡಿದೆ. ಎನ್‌ಬಿಎ ಲೀಗಿನಲ್ಲಿ ಮೂವತ್ತು ತಂಡ, ಐದೈದು ತಂಡಗಳ ಆರು ಡಿವಿಜನ್. ಋತು ಶುರುವಾಗುವ ಮೊದಲೇ ಯಾವ ಡಿವಿಜನ್ನಿನಲ್ಲಿ ಯಾರು ಮೊದಲು ಎಂಬುದಕ್ಕೆ ದರ ಹೊರಬೀಳುತ್ತದೆ. ಅಟ್ಲಾಂಟಿಕ್ ಡಿವಿಜನ್ನಿನ ಬಾಸ್ಟನ್ ಸೆಲ್ಟಿಕ್ಸ್ 2024ರಲ್ಲಿ ಹದಿನೆಂಟನೆಯ ಪ್ರಶಸ್ತಿ ಗೆದ್ದ ತಂಡ. ಅದರ ದರದಲ್ಲಿ ಹಳೆಯ ಕೀರ್ತಿಯೂ ಬೆರೆತಿರುತ್ತದೆ, ಅಭಿಮಾನಿಗಳ ಹಣ ಗೆದ್ದರೆ ವಾಪಸು ಸಿಗುವ ಮೊತ್ತವನ್ನು ಇನ್ನಷ್ಟು ತಗ್ಗಿಸುತ್ತದೆ. ತಂಡಗಳು ಊರು ಬದಲಿಸಿದ ಕಥೆಗಳೂ ಅಲ್ಲಿ ಬಹಳ. ಲಾಸ್ ಏಂಜಲೀಸಿನ ಲೇಕರ್ಸ್ ಎಂಬ ಹೆಸರಿನಲ್ಲಿರುವ ಕೆರೆಗಳು ಮಿನ್ನೆಸೋಟದವು, ತಂಡ 1960ರಲ್ಲಿ ಅಲ್ಲಿಂದ ಎದ್ದು ಬಂದದ್ದು. ಜಾಝ್ ಎಂಬ ಹೆಸರು ನ್ಯೂ ಆರ್ಲಿಯನ್ಸಿನದು, ತಂಡ 1979ರಿಂದ ಯೂಟಾದಲ್ಲಿ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ 2013ರಲ್ಲಿ ಕೊಂಡ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಪ್ರಶಸ್ತಿ ಗೆದ್ದಿರುವುದು ಒಂದೇ ಸಲ, ಅದೂ 1951ರಲ್ಲಿ, ರಾಚೆಸ್ಟರ್ ರಾಯಲ್ಸ್ ಎಂಬ ಹೆಸರಿನಲ್ಲಿದ್ದಾಗ. ನಾಗಪುರದಲ್ಲಿ ತವರಿನ ಪಂದ್ಯ ಆಡಿದ ಬೆಂಗಳೂರಿನವರನ್ನು ಕಂಡವರಿಗೆ ಇದು ತೀರಾ ಪರಕೀಯ ಎನಿಸುವುದಿಲ್ಲ.

ದುಡ್ಡು ಹೆಚ್ಚು ಸುರಿದ ತಂಡಕ್ಕೆ ದರ ಹೆಚ್ಚು ಕೊಡಬೇಕೆ? ಇದಕ್ಕೆ ಪವನ್‌ನ ಮುಂದಿನ ದಾರಿಯೇ ಉತ್ತರ. 2019ರಲ್ಲಿ ಅವನು ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ರೇಡ್ ಅಂಕ ತಂದು ಪರ್‌ದೀಪನ 34ನ್ನು ದಾಟಿದ. 2022ರಲ್ಲಿ ತಮಿಳ್ ತಲೈವಾಸ್ ಅವನಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಇಡೀ ಋತು ಹೊರಗೆ. ತಲೈವಾಸ್‌ನ ದರ ನೆಲ ಕಚ್ಚಬೇಕಿತ್ತು. ಆದರೆ ಆ ತಂಡ ಅವನಿಲ್ಲದೆಯೇ ಸೆಮಿಫೈನಲ್ ತಲುಪಿತು. ಮರುವರ್ಷ ತೆಲುಗು ಟೈಟನ್ಸ್ 2.60 ಕೋಟಿಗೂ ಮೇಲೆ ಕೊಟ್ಟು ಅವನನ್ನು ತಂದಿತು. ಇಪ್ಪತ್ತೆರಡು ಪಂದ್ಯದಲ್ಲಿ ಗೆದ್ದದ್ದು ಎರಡು, ಪಟ್ಟಿಯಲ್ಲಿ ಕೊನೆ. ಒಬ್ಬ ದಾಳಿಗಾರ ಎಷ್ಟೇ ಎತ್ತರ ಹಾರಲಿ, ಅವನು ಔಟಾಗಿ ಹೊರಗೆ ಕೂತಾಗ ಒಳಕ್ಕೆ ಕರೆಸಿಕೊಳ್ಳುವವರು ಹಿಡಿತಗಾರರು. ಅವರು ಒಂದು ಟ್ಯಾಕಲ್ ಮಾಡಿದರೆ ಅವನು ಮತ್ತೆ ಮ್ಯಾಟಿಗೆ. ಚಹಾದಂಗಡಿಯ ಕಾಕಾ ಎಡ ಮೂಲೆಯಲ್ಲಿ ಯಾರು ಎಂದು ಮೊದಲು ಕೇಳಿದ್ದು ಇದಕ್ಕೇ.

ಹಿಡಿತಗಾರರ ನಾಡಿ ಬಲ್ಲ ತರಬೇತುದಾರರನ್ನು ಹಿಂಬಾಲಿಸಿದರೆ ಇನ್ನೂ ದೊಡ್ಡ ಕಥೆ ಸಿಗುತ್ತದೆ. ಕರ್ನಾಟಕದ ಬಿ.ಸಿ. ರಮೇಶ್ 2018-19ರಲ್ಲಿ ಗೆದ್ದ ಬುಲ್ಸ್‌ನ ಜೊತೆಗಿದ್ದರು. ಮರುವರ್ಷ ಬೆಂಗಾಲ್ ವಾರಿಯರ್ಸ್‌ಗೆ ಹೋದರು, ಬೆಂಗಾಲ್ ಗೆದ್ದಿತು. 2024ರ ಮಾರ್ಚಿನಲ್ಲಿ ಮುಗಿದ ಹತ್ತನೆಯ ಋತುವಿನಲ್ಲಿ ಪುಣೇರಿ ಪಲ್ಟನ್ ಗೆದ್ದಾಗಲೂ ಕಟ್ಟೆಯ ಮೇಲೆ ಅವರೇ. ಹರಾಜಿನ ಸುದ್ದಿಗೆ ಮೊದಲ ಪುಟ ಸಿಗುತ್ತದೆ, ತರಬೇತುದಾರ ತಂಡ ಬದಲಿಸಿದ ಸುದ್ದಿ ಮೂಲೆಯಲ್ಲಿ ಬರುತ್ತದೆ. ಲೆಕ್ಕ ಇಡುವವರು ಮೂಲೆಯನ್ನೇ ಮೊದಲು ಓದಬೇಕು.

ಮನ್‌ಪ್ರೀತ್ ಸಿಂಗ್ ಅವರದು ಇದಕ್ಕೆ ತಿರುವುಮುರುವು. 2016ರಲ್ಲಿ ನಾಯಕನಾಗಿ ಪಟ್ನಾಕ್ಕೆ ಪ್ರಶಸ್ತಿ ತಂದುಕೊಟ್ಟವರು. ತರಬೇತುದಾರರಾದ ಮೇಲೆ ಗುಜರಾತನ್ನು ಎರಡು ಸಲ ಫೈನಲ್ಲಿಗೆ ಒಯ್ದು ಎರಡೂ ಸಲ ಸೋತರು. ಮೊದಲನೆಯ ಸಲ ತಂಡದ ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. ಆಮೇಲೆ ಹರಿಯಾಣ ಸ್ಟೀಲರ್ಸ್ ಸೇರಿ ಹತ್ತನೆಯ ಋತುವಿನ ಫೈನಲ್ಲಿನಲ್ಲಿ ರಮೇಶ್ ಅವರ ಪುಣೇರಿ ಎದುರು 25-28ರಿಂದ ಸೋತರು. ಮೂರು ಫೈನಲ್, ಮೂರು ಸೋಲು. ಇಂಥವರ ತಂಡ ನಾಲ್ಕನೆಯ ಸಲ ಫೈನಲ್ಲಿಗೆ ಬಂದರೆ ದರ ಕಡಿಮೆ ಮಾಡಬೇಕೆ, ಹೆಚ್ಚಿಸಬೇಕೆ? ಅದೃಷ್ಟ ಕೆಟ್ಟವರು ಎನ್ನುವವರು ಕಡಿಮೆ ಮಾಡುತ್ತಾರೆ. ನಾಲ್ಕು ಸಲ ಫೈನಲ್ಲಿನವರೆಗೆ ತಂಡ ಕಟ್ಟಿ ತರುವುದು ಅದೃಷ್ಟದ ಮಾತಲ್ಲ, ಆದ್ದರಿಂದ ಹೆಚ್ಚಿಸಬೇಕು. 2024ರ ಡಿಸೆಂಬರ್ 29ರಂದು ಪುಣೆಯಲ್ಲಿ ಹರಿಯಾಣ 32-23ರಿಂದ ಪಟ್ನಾವನ್ನು ಸೋಲಿಸಿತು. ಮನ್‌ಪ್ರೀತ್ ಒಮ್ಮೆ ನಾಯಕನಾಗಿ ಗೆಲ್ಲಿಸಿದ್ದ ಅದೇ ಪಟ್ನಾವನ್ನು.

ದಬಂಗ್ ಡೆಲ್ಲಿಯ ಕಥೆ ಚಿಕ್ಕದಾಗಿ ಹೇಳಿದರೂ ಸಾಕು. ಮೊದಲ ಐದು ಋತು ಕೊನೆಯ ಸುತ್ತಿನ ಮುಖವನ್ನೇ ಕಾಣದ ತಂಡ. 2019ರಲ್ಲಿ ಸೆಮಿಫೈನಲ್ಲಿನಲ್ಲಿ ಬುಲ್ಸ್ ಅನ್ನು 44-38ರಿಂದ ಕೆಡವಿತು. ಕೊರೊನಾದ ನಂತರದ ಎಂಟನೆಯ ಋತುವಿನಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಬುಲ್ಸ್, ಮತ್ತೆ ಡೆಲ್ಲಿಯೇ, 40-35. ಆ ಇಡೀ ಋತು ನಡೆದದ್ದು ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ. ಫೈನಲ್ಲಿನಲ್ಲಿ ಡೆಲ್ಲಿ 37, ಪಟ್ನಾ 36. ಸೋತ ಪಟ್ನಾದ ನಾಯಕ ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ. ಗೆದ್ದ ಡೆಲ್ಲಿಯ ನಾಯಕ ಜೋಗಿಂದರ್ ನರ್ವಾಲ್ 2025ರಲ್ಲಿ ಅದೇ ತಂಡದ ತರಬೇತುದಾರರಾಗಿ ಮತ್ತೊಂದು ಪ್ರಶಸ್ತಿ ಎತ್ತಿದರು.

ಖಚಿತ ಎಂಬ ಮಾತನ್ನು ಕಬಡ್ಡಿಯವರು 2018ರ ಆಗಸ್ಟಿನವರೆಗೆ ಧಾರಾಳವಾಗಿ ಬಳಸುತ್ತಿದ್ದರು. 1990ರಿಂದ ಏಷ್ಯನ್ ಕ್ರೀಡಾಕೂಟದ ಪುರುಷರ ಚಿನ್ನ ಭಾರತ ಬಿಟ್ಟು ಬೇರೆಯವರಿಗೆ ಹೋಗಿರಲಿಲ್ಲ. ದರ ಕೇಳಿದರೆ ನೂರಕ್ಕೆ ತೊಂಬತ್ತೆಂಟು. ಜಕಾರ್ತಾದಲ್ಲಿ ಗುಂಪಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾ 24-23ರಿಂದ ಗೆದ್ದಿತು, ಸೆಮಿಫೈನಲ್ಲಿನಲ್ಲಿ ಇರಾನ್ 27-18ರಿಂದ. ಅಚ್ಚರಿ ಎಂದರು ಎಲ್ಲರೂ. ಆದರೆ ಲೀಗಿನ ಪುಟಗಳನ್ನು ಸರಿಯಾಗಿ ಓದುತ್ತಿದ್ದವರಿಗೆ ಸುಳಿವು ಇತ್ತು. ಇರಾನಿನ ಫಜಲ್ ಅತ್ರಾಚಲಿ ಯು ಮುಂಬಾ, ಪಟ್ನಾ, ಗುಜರಾತ್ ಎಂದು ತಿರುಗಿ ಭಾರತದ ದಾಳಿಗಾರರ ಒಬ್ಬೊಬ್ಬರ ಕಾಲ ಹೆಜ್ಜೆ ಕಲಿತಿದ್ದ. ಕೊರಿಯಾದ ಜಾಂಗ್ ಕುನ್ ಲೀ ಬೆಂಗಾಲಿನಲ್ಲಿ ಆಡುತ್ತಿದ್ದ. 2016ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಕೊರಿಯಾ ಭಾರತವನ್ನು 34-32ರಿಂದ ಸೋಲಿಸಿ ಎಚ್ಚರಿಸಿತ್ತು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ 2016ರಲ್ಲಿ ಲೆಸ್ಟರ್ ಸಿಟಿ ಒಂದಕ್ಕೆ ಐದು ಸಾವಿರದ ದರದಿಂದ ಮೇಲೆದ್ದು ಗೆದ್ದದ್ದನ್ನು ಜಗತ್ತು ಹೇಳಿಕೊಳ್ಳುತ್ತದೆ. ಜಕಾರ್ತಾದ್ದು ಅದಕ್ಕಿಂತ ದೊಡ್ಡ ಪಾಠ, ಏಕೆಂದರೆ ಅದನ್ನು ಮೊದಲೇ ಓದಬಹುದಿತ್ತು.

ಹಣದ ಮಾತು ಬಂದಾಗ ಇಲ್ಲಿಯ ಹಿರಿಯರು ಗಟ್ಟಿಯಾಗಿ ಹೇಳುವುದೊಂದಿದೆ: ಬಾಜಿ ಬೇಡ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸನ ಸೀಮೆ ಇದು. ಪಗಡೆಯ ಹಾಸಿನ ಮೇಲೆ ಧರ್ಮರಾಯ ಏನೇನು ಕಳೆದ ಎಂಬುದನ್ನು ಗಮಕದಲ್ಲಿ ಕೇಳಿ ಬೆಳೆದವರು. ಕಾನೂನಿನ ದಾರಿ ಮಾತ್ರ ಡೊಂಕು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಆನ್‌ಲೈನ್ ಹಣದಾಟ ನಿಷೇಧಿಸುವ ಕಾಯ್ದೆ ಮಾಡಿತು. ರಾಷ್ಟ್ರಪತಿಗಳ ಅಂಕಿತ ಬಿದ್ದು ಒಂದು ವಾರಕ್ಕೆ, ಆಗಸ್ಟ್ 29ರಂದು, ವಿಶಾಖಪಟ್ಟಣದಲ್ಲಿ ಹನ್ನೆರಡನೆಯ ಋತು ಶುರುವಾಯಿತು. ಮೊಬೈಲಿನಲ್ಲಿ ದುಡ್ಡು ಹಾಕಿ ತಂಡ ಕಟ್ಟುತ್ತಿದ್ದ ಎಷ್ಟೋ ಹುಡುಗರಿಗೆ ಆ ಸಂಜೆ ಏನೋ ಕಡಿಮೆಯಾದಂತೆ ಅನಿಸಿರಬಹುದು. ರಿಜಿಸ್ಟರಿನವರಿಗೆ ಏನೂ ಬದಲಾಗಲಿಲ್ಲ. ಹಣ ಹಾಕಿದ ಕಣ್ಣು ಆಟದಲ್ಲಿ ಒಂದೇ ಒಂದು ಸಂಗತಿ ನೋಡುತ್ತದೆ. ಹಾಕದ ಕಣ್ಣಿಗೆ ಎಡ ಮೂಲೆಯೂ ಕಾಣುತ್ತದೆ, ಬಲ ಮೂಲೆಯೂ ಕಾಣುತ್ತದೆ.

ಬದಲಾದದ್ದು ಬೇರೆ. ಆ ಋತುವಿನಿಂದ ಗೆದ್ದರೆ 2, ಸೋತರೆ ಸೊನ್ನೆ. ಸಮವಾದ ಪಂದ್ಯಕ್ಕೆ ತಲಾ ಐದು ದಾಳಿಯ ಟೈಬ್ರೇಕರ್. ಏಳು ಅಂಕದೊಳಗಿನ ಸೋಲಿಗೆ ಸಿಗುತ್ತಿದ್ದ ಆ ಒಂದು ಅಂಕ ಹೋಯಿತು. ಹೊಸ ನೋಡುಗರಿಗೆ ಪಟ್ಟಿ ಸುಲಭವಾಗಿ ಅರ್ಥವಾಗುತ್ತದೆ, ಸಮವಾದ ಪಂದ್ಯಕ್ಕೂ ಒಂದು ಕೊನೆ ಸಿಗುತ್ತದೆ, ನಿಜ. ಆದರೂ ಇದು ನಷ್ಟವೇ. ಹಳೆಯ ನಿಯಮದಲ್ಲಿ ಎಂಟು ಅಂಕ ಹಿಂದಿದ್ದ ತಂಡದ ಕೊನೆಯ ದಾಳಿಯನ್ನು ನೆನೆಸಿಕೊಳ್ಳಿ. ಗೆಲುವು ಕೈಬಿಟ್ಟಿದೆ. ಆದರೆ ಒಂದು ಅಂಕ ತಂದರೆ ಅಂತರ ಏಳಕ್ಕೆ ಇಳಿಯುತ್ತದೆ, ಪಟ್ಟಿಯಲ್ಲಿ ಒಂದು ಸೇರುತ್ತದೆ, ತಿಂಗಳ ನಂತರ ಆ ಒಂದರಿಂದಲೇ ಪ್ಲೇಆಫ್ ಸಿಗಬಹುದು. ಎದುರಿಗೆ ಆರು ಅಥವಾ ಏಳು ಮಂದಿ ಇದ್ದರೆ ದಾಳಿಗಾರ ಬೋನಸ್ ಗೆರೆಗೆ ಕಾಲು ಚಾಚಿ ಓಡಿ ಬಂದರೆ ಸಾಕು. ಐದೇ ಮಂದಿ ಇದ್ದರೆ ಬೋನಸ್ ಇಲ್ಲ, ಯಾರನ್ನಾದರೂ ಮುಟ್ಟಲೇಬೇಕು. ಗೆದ್ದ ತಂಡದವರಿಗೆ ಆ ದಾಳಿ ಏನೂ ಅಲ್ಲ, ಅವರಲ್ಲಿ ಕೆಲವರು ಆಗಲೇ ಕೈಕುಲುಕುವ ಯೋಚನೆಯಲ್ಲಿರುತ್ತಾರೆ. ದಾಳಿಗಾರ ಮಾತ್ರ ಆ ಮೂವತ್ತು ಸೆಕೆಂಡಿನಲ್ಲಿ ಇಡೀ ಋತುವನ್ನು ಹೊತ್ತುಕೊಂಡು ಗೆರೆ ದಾಟಿರುತ್ತಾನೆ.

ಅಮೆರಿಕದಲ್ಲಿ ದುರ್ಬಲ ತಂಡಕ್ಕೆ ಮೊದಲೇ ಇಷ್ಟು ಅಂಕ ಎಂದು ಕೂಡಿಸಿಟ್ಟು ಬಾಜಿ ಸಮ ಮಾಡುವ ಉಪಾಯವನ್ನು ಶಿಕಾಗೋದಲ್ಲಿದ್ದ ಗಣಿತ ಬಲ್ಲ ಚಾರ್ಲ್ಸ್ ಮೆಕ್‌ನೀಲ್ ಎಂಬವನ ಹೆಸರಿಗೆ ಹಚ್ಚುತ್ತಾರೆ, 1940ರ ದಶಕದ ಮಾತು. ಅಲ್ಲಿ ಅದು ಬಾಜಿಕಟ್ಟೆಯವರ ಹೊರಗಿನ ಕಟ್ಟುಪಾಡು, ಆಡುವವರಿಗೆ ಸಂಬಂಧವಿಲ್ಲ. ಕಬಡ್ಡಿ ಲೀಗು ಅದೇ ಅಂತರವನ್ನು ಆಟದೊಳಗೇ ಇಟ್ಟಿತ್ತು, ಆಡುವವರೇ ಅದಕ್ಕಾಗಿ ಹೋರಾಡುವಂತೆ. ಅಂಥ ನಿಯಮ ತೆಗೆದವರು ಅದನ್ನು ವಾಪಸು ತರಬೇಕು.

2024ರ ಋತುವಿನಲ್ಲಿ ಪರ್‌ದೀಪ್ ನರ್ವಾಲ್‌ನನ್ನು 70 ಲಕ್ಷಕ್ಕೆ ತಂದೂ ಇಪ್ಪತ್ತೆರಡರಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನಕ್ಕೆ ಬಿದ್ದ ಬುಲ್ಸ್, 2025ರಲ್ಲಿ ಬಿ.ಸಿ. ರಮೇಶರನ್ನು ಮತ್ತೆ ಕರೆತಂದಿತು. ಮೊದಲ ರಾತ್ರಿಯೇ ಪುಣೇರಿ ಎದುರು ಸಮ, ಟೈಬ್ರೇಕರಿನಲ್ಲಿ ಸೋಲು. ಹಳೆಯ ಲೆಕ್ಕದಲ್ಲಿ ಅದಕ್ಕೆ ಮೂರು ಅಂಕ, ಹೊಸದರಲ್ಲಿ ಸೊನ್ನೆ. ಆದರೂ ಇರಾನಿನ ಅಲಿರೆಜಾ ಮಿರ್ಜಾಯಿಯನ್ ದಾಳಿಗೆ ನಿಂತು ತಂಡವನ್ನು ಪ್ಲೇಆಫ್‌ವರೆಗೆ ಎಳೆದ. ಮುಂದಿನ ಋತುವಿನ ಮೊದಲ ಪುಟಕ್ಕೆ ಬುಲ್ಸ್‌ಗೆ ಎಷ್ಟು ಬರೆಯಬೇಕು ಎಂಬುದು ನರೇಗಲ್ಲಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಇಪ್ಪತ್ತು ಎಂದವರು ಹರಾಜಿನ ಪಟ್ಟಿ ಕಾಯುತ್ತಿದ್ದಾರೆ. ಮೂವತ್ತು ಎಂದವರು ಮೂಲೆಯ ಹಿಡಿತಗಾರರನ್ನು ಉಳಿಸಿಕೊಂಡರೋ ಇಲ್ಲವೋ ಎಂದು ಕೇಳುತ್ತಿದ್ದಾರೆ.